ಅಧಿಕಾರವಿಲ್ಲದ ಶಿಸ್ತು

1919ರ ಫೆಬ್ರುವರಿ. ಬಾರ್ಸಿಲೋನಾ ನಗರಕ್ಕೆ ವಿದ್ಯುತ್ ಪೂರೈಸುತ್ತಿದ್ದ ಕಂಪನಿ ಎಂಟು ಮಂದಿ ಗುಮಾಸ್ತರನ್ನು ಮನೆಗೆ ಕಳಿಸಿತು. ಕೆಲಸ ಕಾಯಂ ಮಾಡುವ ನೆಪದಲ್ಲಿ ಸಂಬಳ ಇಳಿಸಿದ್ದನ್ನು ಪ್ರಶ್ನಿಸಿದ್ದೇ ಅವರ ತಪ್ಪು. ಬಂಡವಾಳ ಕೆನಡಾದ್ದಾದ್ದರಿಂದ ಊರಿನವರು ಆ ಕಂಪನಿಯನ್ನು ‘ಲಾ ಕನದಿಯೆನ್ಸೆ’ ಎಂದೇ ಕರೆಯುತ್ತಿದ್ದರು. ಜೊತೆಯ ಗುಮಾಸ್ತರು ಲೇಖನಿ ಕೆಳಗಿಟ್ಟರು. ಆಮೇಲೆ ವಿದ್ಯುತ್ ಕೆಲಸಗಾರರು, ಅನಿಲ ಮತ್ತು ನೀರು ಪೂರೈಕೆಯವರು ಒಬ್ಬೊಬ್ಬರಾಗಿ ಸೇರಿಕೊಂಡರು. ಟ್ರಾಮುಗಳು ಹಳಿಯ ಮೇಲೇ ನಿಂತವು, ಗಿರಣಿಗಳು ಬಾಗಿಲು ಹಾಕಿದವು, ಸ್ಪೇನಿನ ಅತಿ ದೊಡ್ಡ ಕೈಗಾರಿಕಾ ನಗರ ರಾತ್ರಿ ಕತ್ತಲಲ್ಲಿ ಕೂತಿತು. ಸರ್ಕಾರ ಸೈನ್ಯ ಇಳಿಸಿತು, ಸಾವಿರಾರು ಕಾರ್ಮಿಕರನ್ನು ಮೋಂಜುವಿಕ್ ಕೋಟೆಗೆ ತುಂಬಿತು. ಮುಷ್ಕರ ಕದಲಲಿಲ್ಲ. 44 ದಿನ ನಡೆಯಿತು.

ಇದನ್ನು ನಡೆಸಿದ್ದು ಸಿಎನ್‌ಟಿ ಎಂಬ ಕಾರ್ಮಿಕ ಒಕ್ಕೂಟ. 1910ರಲ್ಲಿ ಹುಟ್ಟಿದ ಇದರ ಬೆನ್ನೆಲುಬು ಅರಾಜಕತಾವಾದ. ಈ ಹೆಸರು ಕೇಳಿದರೆ ಸಾಕು, ನಮ್ಮಲ್ಲಿ ಓದಿಕೊಂಡವರ ಕಣ್ಣಮುಂದೆಯೂ ಸುಡುವ ಬಸ್ಸು, ತೂರುವ ಕಲ್ಲು, ಹೇಳುವವರು ಕೇಳುವವರಿಲ್ಲದ ಬೀದಿಯೇ ಬರುತ್ತದೆ. ಟಿವಿ ಚರ್ಚೆಗಳಲ್ಲಂತೂ ಎದುರಾಳಿಯ ಬಾಯಿ ಮುಚ್ಚಿಸಲು ಇದೊಂದು ಬೈಗುಳ. ಇದು ನನಗೆ ನಿಜಕ್ಕೂ ನೋವಿನ ವಿಷಯ. ಇಷ್ಟು ಗಂಭೀರವಾಗಿ ಬಾಳಿದ, ಇಷ್ಟು ಬೆಲೆ ತೆತ್ತ ಚಿಂತನೆಯೊಂದನ್ನು ಒಪ್ಪದಿರಲು ಬೇಕಾದಷ್ಟು ಕಾರಣಗಳಿರಬಹುದು. ಆದರೆ ಅದು ಏನು ಹೇಳುತ್ತದೆ ಎಂದು ಕೇಳಿಸಿಕೊಳ್ಳದೆ ತಳ್ಳಿಹಾಕುವುದು ಅನ್ಯಾಯ.

ಬಾರ್ಸಿಲೋನಾದ ಕೊನೆಯ ಅಂಕವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮಾರ್ಚ್ ಮಧ್ಯದಲ್ಲಿ ಒಪ್ಪಂದ ಕುದುರಿತು: ತೆಗೆದವರನ್ನು ವಾಪಸ್ ತೆಗೆದುಕೊಳ್ಳುವುದು, ಸಂಬಳ ಏರಿಕೆ, ಎಂಟು ಗಂಟೆಯ ದುಡಿಮೆ, ಬಂಧಿತರ ಬಿಡುಗಡೆ. ಮಾತುಕತೆಗೆ ಹೋದವರಿಗೆ ಅದನ್ನು ಅಲ್ಲೇ ಕೊನೆಗೊಳಿಸುವ ಅಧಿಕಾರವಿರಲಿಲ್ಲ. ಮುಷ್ಕರ ಹೂಡಿದವರೇ ಒಪ್ಪಬೇಕಿತ್ತು. ಮಾರ್ಚ್ 19ರಂದು ಲಾಸ್ ಅರೆನಾಸ್ ಎಂಬ ಗೂಳಿಕಾಳಗದ ಅಖಾಡದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದರು. ಬಂಧಿತರೆಲ್ಲ ಹೊರಬರುವತನಕ ಕೆಲಸಕ್ಕೆ ಹೋಗೆವು ಎಂದು ಸಭೆ ಕೂಗುತ್ತಿತ್ತು. ಮಾತಿಗೆ ನಿಂತವನು ಸಾಲ್ವದೋರ್ ಸೆಗಿ, ಮನೆಗಳಿಗೆ ಬಣ್ಣ ಹೊಡೆಯುವ ಕಸುಬಿನವನು. ಆತನ ಕೈಯಲ್ಲಿ ಪೊಲೀಸರಿರಲಿಲ್ಲ, ಯಾರ ಸಂಬಳ ತಡೆಯುವ ಶಕ್ತಿಯೂ ಇರಲಿಲ್ಲ. ಇದ್ದದ್ದು ಮಾತು, ಮತ್ತು ಆ ಮಾತಿನ ಮೇಲೆ ಜನರಿಗಿದ್ದ ನಂಬಿಕೆ. ಒಪ್ಪದಿದ್ದರೆ ಉಳಿಯುವ ದಾರಿ ಕೋಟೆಗೆ ನುಗ್ಗುವುದೊಂದೇ ಎಂದು ಬಿಡಿಸಿ ಹೇಳಿದ. ಸಭೆ ಒಪ್ಪಿತು. ಬಿಡುಗಡೆಯ ಮಾತು ಪೂರ್ತಿ ನಡೆಯದೆ ಕೆಲವೇ ದಿನಗಳಲ್ಲಿ ಮತ್ತೆ ಮುಷ್ಕರ ಎದ್ದಿತು ನಿಜ. ಆದರೆ ಏಪ್ರಿಲ್ 3ರಂದು ಸ್ಪೇನ್ ಸರ್ಕಾರ ಎಲ್ಲ ಕಸುಬುಗಳಿಗೂ ಎಂಟು ಗಂಟೆಯ ದುಡಿಮೆಯ ಆಜ್ಞೆ ಹೊರಡಿಸಿತು. 1923ರಲ್ಲಿ ಸೆಗಿಯನ್ನು ಬಾಡಿಗೆ ಬಂದೂಕುಗಾರರು ಬೀದಿಯಲ್ಲಿ ಕೊಂದರು.

ಆ ಮುಷ್ಕರದಲ್ಲಿ ಅಚ್ಚುಕೂಟದ ಕಾರ್ಮಿಕರು ಮುಷ್ಕರದ ವಿರುದ್ಧ ಬಂದ ಬರಹಗಳಿಗೆ ಅಚ್ಚಿನ ಮೊಳೆ ಜೋಡಿಸಲು ನಿರಾಕರಿಸಿದ್ದರು. ಪತ್ರಿಕೆಗೆ ಬರೆಯುವ ನನಗೆ ಇದು ಒಪ್ಪಿತವಲ್ಲ. ಆದರೆ ಇದನ್ನು ಅವ್ಯವಸ್ಥೆ ಎನ್ನಲು ಸಾಧ್ಯವೇ?

ಅರಾಜಕತಾವಾದಿ ಪ್ರಶ್ನಿಸುವುದು ನಿಯಮವನ್ನಲ್ಲ, ಮೇಲಿನಿಂದ ಇಳಿಯುವ ಆಜ್ಞೆಯನ್ನು. ನಿಯಮ ಬೇಕು, ಅದನ್ನು ಪಾಲಿಸುವವರೇ ಮಾಡಿಕೊಳ್ಳಲಿ. ಪ್ರತಿನಿಧಿ ಬೇಕು, ಕಳಿಸಿದವರು ಯಾವಾಗ ಬೇಕಾದರೂ ವಾಪಸ್ ಕರೆಸಿಕೊಳ್ಳುವಂತಿರಲಿ. ಊರು ಊರುಗಳ, ಕಸುಬು ಕಸುಬುಗಳ ಒಕ್ಕೂಟ ಕೆಳಗಿನಿಂದ ಕಟ್ಟಿಕೊಂಡು ಬರಲಿ. 1840ರಲ್ಲಿ ಫ್ರಾನ್ಸಿನ ಪ್ರೂಧೋನ್ ತನ್ನನ್ನು ಅರಾಜಕತಾವಾದಿ ಎಂದು ಕರೆದುಕೊಂಡದ್ದು ಆಸ್ತಿಯ ಕುರಿತ ಪುಸ್ತಕದಲ್ಲಿ ಎಂಬುದನ್ನು ಮರೆಯಬಾರದು. ದೊರೆಯಷ್ಟೇ ಜಮೀನ್ದಾರ ಮತ್ತು ಮಾಲೀಕನೂ ಆತನ ಗುರಿಯಾಗಿದ್ದರು. ತೆರಿಗೆ ಬೇಡ, ಸರ್ಕಾರ ಕಂಪನಿಗಳ ತಂಟೆಗೆ ಬಾರದಿರಲಿ ಎನ್ನುವ ಇವತ್ತಿನ ಸಿರಿವಂತರ ವಾದವನ್ನು ಇದರ ಪಕ್ಕದಲ್ಲಿ ಕೂರಿಸುವುದು ಹಾಗಾಗಿ ಸರಿಯಲ್ಲ.

ಹಿಂಸೆಯ ಮಾತು ಬಂದರೆ ಮುಚ್ಚಿಡಬೇಕಾದ್ದೇನೂ ಇಲ್ಲ. ಫ್ರಾನ್ಸಿನ ಅಧ್ಯಕ್ಷ ಕಾರ್ನೋ 1894ರಲ್ಲಿ, ಇಟಲಿಯ ದೊರೆ ಉಂಬರ್ತೋ 1900ರಲ್ಲಿ, ಅಮೆರಿಕದ ಅಧ್ಯಕ್ಷ ಮೆಕಿನ್ಲಿ 1901ರಲ್ಲಿ ಅರಾಜಕತಾವಾದಿಗಳ ಕೈಯಲ್ಲೇ ಸತ್ತರು. 1936ರಲ್ಲಿ ಸ್ಪೇನಿನ ಸಾವಿರಾರು ಪಾದ್ರಿಗಳ ಕೊಲೆಯಲ್ಲಿ ಅವರ ಪಾಲೂ ಇದೆ, ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೆ ಇದೇ ಪರಂಪರೆ ಗಲ್ಲಿಗೇರಿದ ಕಥೆಯೂ ಇದೆ. ಎಂಟು ಗಂಟೆಯ ದುಡಿಮೆಗಾಗಿ 1886ರ ಮೇ ತಿಂಗಳಲ್ಲಿ ಷಿಕಾಗೋದ ಕಾರ್ಮಿಕರು ಎದ್ದಾಗ ಹೇಮಾರ್ಕೆಟ್ ಚೌಕದಲ್ಲಿ ಯಾರೋ ಬಾಂಬ್ ಎಸೆದರು. ಎಸೆದವರು ಯಾರೆಂದು ಇಂದಿಗೂ ಪತ್ತೆಯಾಗಿಲ್ಲ. ಎಂಟು ಅರಾಜಕತಾವಾದಿಗಳನ್ನು ಹಿಡಿದು ಅವರ ಭಾಷಣ, ಬರಹಗಳನ್ನೇ ಸಾಕ್ಷ್ಯವಾಗಿಸಿ ಶಿಕ್ಷೆ ಕೊಡಲಾಯಿತು. 1887ರ ನವೆಂಬರ್ 11ರಂದು ನಾಲ್ವರನ್ನು ಗಲ್ಲಿಗೇರಿಸಿದರು, ಒಬ್ಬ ಅದರ ಹಿಂದಿನ ದಿನ ಸೆರೆಯಲ್ಲೇ ಪ್ರಾಣ ಕಳೆದುಕೊಂಡಿದ್ದ. ಆರು ವರ್ಷದ ನಂತರ ಗವರ್ನರ್ ಆಲ್ಟ್‌ಗೆಲ್ಡ್ ವಿಚಾರಣೆಯೇ ಅನ್ಯಾಯದ್ದೆಂದು ಬರೆದು ಉಳಿದ ಮೂವರನ್ನು ಬಿಡುಗಡೆ ಮಾಡಿದ. ಮೇ ದಿನದ ರಜೆಯ ಬೇರು ಅಲ್ಲಿದೆ. ಕಾರ್ಖಾನೆಗಳಲ್ಲಿ ದಿನಕ್ಕೆ ಹನ್ನೆರಡು ಗಂಟೆ ದುಡಿಸಿಕೊಳ್ಳಲು 2023ರಲ್ಲಿ ನಮ್ಮ ವಿಧಾನಮಂಡಲ ಕಾಯ್ದೆ ತಿದ್ದಿದಾಗ ಆ ಷಿಕಾಗೋ ನೆನಪಾಗಿ ಸಂಕಟವಾಗಿತ್ತು.

ಮನುಷ್ಯರೆಲ್ಲ ಒಳ್ಳೆಯವರೆಂದು ನಂಬಿದ ಮುಗ್ಧರು ಇವರು ಎಂಬ ಇನ್ನೊಂದು ಮಾತಿದೆ. ಕ್ರೊಪೋಟ್ಕಿನ್‌ನನ್ನು ಓದಿದವರು ಹಾಗೆ ಹೇಳಲಾರರು. ರಷ್ಯಾದ ಕುಲೀನ ಮನೆತನದ ಕುಡಿಯಾದ ಆತ ಸೈಬೀರಿಯಾದಲ್ಲಿ ಭೂಗೋಳ ಅಧ್ಯಯನ ಮಾಡಿದವನು. ಅಲ್ಲಿನ ಕಡುಚಳಿಯಲ್ಲಿ ಪ್ರಾಣಿಗಳು ಒಂದನ್ನೊಂದು ಕಿತ್ತು ತಿನ್ನುವುದಕ್ಕಿಂತ ಗುಂಪಾಗಿ ಬದುಕುಳಿಯುವುದನ್ನೇ ಹೆಚ್ಚು ಕಂಡ. ಪರಸ್ಪರ ಸಹಾಯದ ಕುರಿತ ಅವನ ಪುಸ್ತಕ 1902ರಲ್ಲಿ ಬಂತು. ಪೈಪೋಟಿ ಇಲ್ಲವೇ ಇಲ್ಲ ಎಂದು ಆತ ಹೇಳಲಿಲ್ಲ, ಸಹಕಾರವೂ ಅಷ್ಟೇ ನಿಜ ಎಂದ. ಮನುಷ್ಯ ಸ್ವಾರ್ಥಿ ಎಂದು ಒಪ್ಪಿಕೊಂಡರೂ ವಾದ ಬಿದ್ದುಹೋಗುವುದಿಲ್ಲ: ಸ್ವಾರ್ಥಿಯ ಕೈಗೆ ಸೈನ್ಯ, ಸೆರೆಮನೆ ಕೊಡುವುದು ಇನ್ನೂ ಅಪಾಯವಲ್ಲವೇ? ಕ್ರಾಂತಿಯ ನಂತರ ಒತ್ತೆಯಾಳುಗಳನ್ನು ಇಟ್ಟುಕೊಳ್ಳುವ ಬೊಲ್ಷೆವಿಕರ ಪದ್ಧತಿಯನ್ನು ಖಂಡಿಸಿ 1920ರಲ್ಲಿ ಲೆನಿನ್‌ಗೆ ಪತ್ರ ಬರೆದವನು ಇದೇ ಮುದುಕ.

ನಮಗೂ ಇದು ಹೊರಗಿನ ಸರಕಲ್ಲ. ರೌಲಟ್ ಕಾಯ್ದೆಯ ಅಧಿಕೃತ ಹೆಸರೇ ‘ಅರಾಜಕ ಮತ್ತು ಕ್ರಾಂತಿಕಾರಿ ಅಪರಾಧಗಳ ಕಾಯ್ದೆ, 1919’. ಅದಕ್ಕೆ ಮೂರು ವರ್ಷ ಮೊದಲೇ ಬನಾರಸ್‌ನ ಹಿಂದೂ ವಿಶ್ವವಿದ್ಯಾಲಯದ ವೇದಿಕೆಯಲ್ಲಿ, ಮಹಾರಾಜರುಗಳ ಎದುರಿಗೇ, ತಾನೂ ಒಬ್ಬ ಅರಾಜಕತಾವಾದಿ, ಆದರೆ ಬೇರೆ ಬಗೆಯವನು ಎಂದು ಗಾಂಧೀಜಿ ಹೇಳಿದ್ದರು. ಮದರಾಸಿನಲ್ಲಿ ಹುಟ್ಟಿದ ಎಂ. ಪಿ. ಟಿ. ಆಚಾರ್ಯ ಕಮ್ಯುನಿಸ್ಟರ ಜೊತೆಗಿದ್ದು ಹೊರಬಂದು 1954ರಲ್ಲಿ ಮುಂಬಯಿಯಲ್ಲಿ ಸಾಯುವತನಕ ಅರಾಜಕತಾವಾದಿಯಾಗಿಯೇ ಉಳಿದರು.

ನಾನು ಅರಾಜಕತಾವಾದಿಯಲ್ಲ. ನನ್ನ ತಕರಾರು ಬೇರೆ ಕಡೆ ಇದೆ. ಒಂದು ನಗರದ ಮುಷ್ಕರವನ್ನು, ಒಂದು ಗಿರಣಿಯನ್ನು ಕೂಡಿ ನಡೆಸಬಹುದು. ಕಾವೇರಿಯಂಥ ನದಿಯ ಮೇಲಿನ ದಡದವರೂ ಕೆಳಗಿನ ದಡದವರೂ ಮಳೆ ಕೈಕೊಟ್ಟ ವರ್ಷ ಒಪ್ಪದಿದ್ದರೆ, ತೀರ್ಪು ಕೊಡುವವರು ಯಾರು, ಅದನ್ನು ಜಾರಿ ಮಾಡುವವರು ಯಾರು? ಒಕ್ಕೂಟಗಳ ಒಕ್ಕೂಟ ಎನ್ನುವ ಉತ್ತರ ನನಗೆ ಸಾಕಾಗಿಲ್ಲ. ಸ್ಪೇನಿನವರಿಗೂ ಈ ತೊಡಕು ಎದುರಾಯಿತು. ಅಂತರ್ಯುದ್ಧದಲ್ಲಿ ಬಂಡೆದ್ದ ಸೇನಾಧಿಕಾರಿ ಫ್ರಾಂಕೋನ ಸೈನ್ಯ ಮ್ಯಾಡ್ರಿಡ್ ಬಾಗಿಲಿಗೆ ಬಂದಾಗ, 1936ರ ನವೆಂಬರಿನಲ್ಲಿ, ಸಿಎನ್‌ಟಿಯ ನಾಲ್ವರು ಸರ್ಕಾರ ಸೇರಿ ಮಂತ್ರಿಗಳಾದರು. ಅವರಲ್ಲಿ ಆರೋಗ್ಯ ಖಾತೆ ವಹಿಸಿಕೊಂಡ ಫೆದೆರಿಕಾ ಮೋಂತ್‌ಸೆನಿ ಸ್ಪೇನಿನ ಮೊದಲ ಮಹಿಳಾ ಮಂತ್ರಿ. ಯುದ್ಧ ಗೆಲ್ಲಲು ಬೇರೆ ದಾರಿಯಿಲ್ಲ ಎಂದು ಕೆಲವರು, ಇಲ್ಲೇ ನಾವು ಸೋತೆವು ಎಂದು ಇನ್ನು ಕೆಲವರು. ಆ ಜಗಳವನ್ನು ಅರಾಜಕತಾವಾದಿಗಳು ತಮ್ಮತಮ್ಮಲ್ಲೇ ಇವತ್ತಿಗೂ ಆಡುತ್ತಿದ್ದಾರೆ.