ಎಂಜಿನ್ ಕೆಟ್ಟರೆ ಪುರಾವೆ ಕೊಡಬೇಕಾದವರು ಯಾರು?

ಅಮೆರಿಕದಲ್ಲಿ 2022ರಲ್ಲಿ ಟೊಯೊಟಾ ಜಿಆರ್86 ಎಂಬ ಸ್ಪೋರ್ಟ್ಸ್ ಕಾರೊಂದರ ಎಂಜಿನ್ ಕೆಟ್ಟು ನಿಂತಿತು. ಆ ಮಾದರಿ ಮಾರುಕಟ್ಟೆಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಎಂಜಿನ್ನಿಗೆ ಕಂಪನಿ ಅಲ್ಲಿ ಕೊಡುವ ವಾರಂಟಿ 5 ವರ್ಷ ಅಥವಾ 60 ಸಾವಿರ ಮೈಲಿ. ಆದರೂ ದುರಸ್ತಿಯ ಖರ್ಚು ತನ್ನದಲ್ಲ ಎಂದು ಕಂಪನಿ ಹೇಳಿತು. ಅದಕ್ಕೆ ಕೊಟ್ಟ ಆಧಾರ, ಆ ಕಾರು ಹಿಂಬದಿ ಚಕ್ರ ಜಾರಿಸುತ್ತ ಡ್ರಿಫ್ಟಿಂಗ್ ಮಾಡುತ್ತಿದ್ದ ಫೋಟೊ. ಮಾಲೀಕ ಸುಮ್ಮನಾಗಲಿಲ್ಲ. ಸುದ್ದಿ ಹಬ್ಬಿತು, ವಾಹನ ಪತ್ರಿಕೆಗಳು ಬರೆದವು, ಕೊನೆಗೆ ಟೊಯೊಟಾ ನಿಲುವು ಬದಲಿಸಿ ಖರ್ಚು ಭರಿಸಲು ಒಪ್ಪಿತು. ಆತನಿಗೆ ನ್ಯಾಯ ಸಿಕ್ಕಿದ್ದು ಸಂತೋಷವೇ. ಆದರೆ ವಾರಂಟಿ ಪತ್ರದಿಂದ ಸಿಗಬೇಕಾಗಿದ್ದ ನ್ಯಾಯ ಗದ್ದಲದಿಂದ ಸಿಕ್ಕಿತು. ಗದ್ದಲ ಎಬ್ಬಿಸುವ ಶಕ್ತಿಯಿಲ್ಲದವರು ಏನು ಮಾಡಬೇಕು? ಈ ಪ್ರಶ್ನೆಗೆ ಒಂದೇ ನ್ಯಾಯವಾದ ಉತ್ತರ ನನಗೆ ಕಾಣುತ್ತದೆ. ವಾರಂಟಿ ಅವಧಿಯೊಳಗೆ ಎಂಜಿನ್ ಕೆಟ್ಟರೆ, ಅದು ಮಾಲೀಕನ ತಪ್ಪಿನಿಂದಲೇ ಕೆಟ್ಟಿತು ಎಂದು ತೋರಿಸಿಕೊಡುವ ಹೊಣೆ ತಯಾರಕನ ಮೇಲಿರಬೇಕು. ತೋರಿಸಲು ಆಗದಿದ್ದರೆ ಎಂಜಿನ್ ಸರಿಮಾಡಿಕೊಡಬೇಕು.

ಫೋಟೊ ಯಾಕೆ ಪುರಾವೆಯಾಗದು ಎಂಬುದು ಎಂಜಿನ್ನಿನ ಒಳಗನ್ನು ಸ್ವಲ್ಪ ನೋಡಿದರೆ ತಿಳಿಯುತ್ತದೆ. ನಿಮಿಷಕ್ಕೆ 7,000 ಸುತ್ತಿನಲ್ಲಿ ಓಡುವಾಗ ಕ್ರ್ಯಾಂಕ್ ಶಾಫ್ಟ್ ಸೆಕೆಂಡಿಗೆ ನೂರಕ್ಕೂ ಹೆಚ್ಚು ಬಾರಿ ತಿರುಗುತ್ತದೆ. ಅದಕ್ಕೂ ಕನೆಕ್ಟಿಂಗ್ ರಾಡಿಗೂ ನಡುವೆ ಇರುವುದು ಅರ್ಧಚಂದ್ರಾಕಾರದ ಎರಡು ತೆಳು ಬೇರಿಂಗ್ ಚಿಪ್ಪುಗಳು ಮತ್ತು ಕೂದಲೆಳೆಗಿಂತ ತೆಳ್ಳಗಿನ ಎಣ್ಣೆಯ ಪದರ. ಆಯಿಲ್ ಪಂಪ್ ಒತ್ತಡದಲ್ಲಿ ಎಣ್ಣೆ ತಳ್ಳುತ್ತಿರುವವರೆಗೆ ಲೋಹಕ್ಕೆ ಲೋಹ ತಾಗುವುದಿಲ್ಲ. ಕೆಲವೇ ಸೆಕೆಂಡು ಎಣ್ಣೆ ತಪ್ಪಿದರೂ ಚಿಪ್ಪಿನ ಮೇಲಿನ ಬೂದು ಪದರ ಸವೆದು ಅಡಿಯ ತಾಮ್ರದ ಬಣ್ಣ ಕಾಣಿಸಿಕೊಳ್ಳುತ್ತದೆ, ಎಣ್ಣೆಯಲ್ಲಿ ಮಿನುಗುವ ಪುಡಿ ಸೇರುತ್ತದೆ, ಎಂಜಿನ್ ಅಡಿಯಿಂದ ಟಕ್ ಟಕ್ ಸದ್ದು ಶುರುವಾಗುತ್ತದೆ. ಗ್ಯಾರೇಜಿನವರು ‘ಬೇರಿಂಗ್ ಹೋಯ್ತು’ ಎನ್ನುವುದು ಇದಕ್ಕೇ. ಎಣ್ಣೆ ತಪ್ಪಲು ಕಾರಣ ಹಲವು. ಮಾಲೀಕ ಎಣ್ಣೆಯ ಮಟ್ಟ ನೋಡದೆ ಓಡಿಸಿದ್ದರೆ ತಪ್ಪು ಅವನದು. ಉದ್ದನೆಯ ತಿರುವಿನಲ್ಲಿ ಎಣ್ಣೆಯೆಲ್ಲ ಒಂದು ಬದಿಗೆ ಸರಿದು ಪಂಪಿನ ಬಾಯಿ ಬರಿದಾದರೆ ತಪ್ಪು ವಿನ್ಯಾಸದ್ದು. ಮೂರನೆಯದು ಜೋಡಣೆಯ ತಪ್ಪು. ಜಿಆರ್86 ಮತ್ತು ಅದರ ಅವಳಿಯಾದ ಸುಬಾರು ಬಿಆರ್‌ಝೆಡ್ ಕಾರುಗಳ ಕೆಲವು ಮಾಲೀಕರು ಆಯಿಲ್ ಪ್ಯಾನ್ ಬಿಚ್ಚಿ ನೋಡಿದಾಗ, ಎಣ್ಣೆ ಹೀರುವ ಕೊಳವೆಯ ಜಾಲರಿಯಲ್ಲಿ ರಬ್ಬರಿನಂಥ ಸೀಲಂಟಿನ ಚೂರುಗಳು ಸಿಕ್ಕಿಕೊಂಡಿದ್ದವು. ಕಾರ್ಖಾನೆಯಲ್ಲಿ ಎಂಜಿನ್ನಿನ ಭಾಗಗಳನ್ನು ಕೂಡಿಸುವಾಗ ಹಚ್ಚುವ ಅಂಟು ಅದು. ಹೆಚ್ಚಾದದ್ದು ಒಳಕ್ಕೆ ಹಿಂಡಿಕೊಂಡು ಬಂದು ಕಳಚಿ ಬೀಳುತ್ತದೆ. ಕೆಟ್ಟ ಎಂಜಿನ್ನುಗಳಿಗೆಲ್ಲ ಇದೇ ಕಾರಣ ಎಂದು ಹೇಳಲಾಗದು. ಈ ಕಾರಣಗಳು ಒಂದೊಂದೂ ಒಳಗೆ ಬೇರೆ ಬೇರೆ ಗುರುತು ಬಿಡುತ್ತವೆ, ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ ಎಂದಷ್ಟೇ ನಾನು ಹೇಳುವುದು. ಚಕ್ರದ ಹೊಗೆ ತೋರಿಸುವ ಫೋಟೊದಲ್ಲಿ ಜಾಲರಿ ಕಾಣುವುದಿಲ್ಲ.

ವಾರಂಟಿ ಪುಸ್ತಿಕೆಗಳಲ್ಲಿ ‘ದುರ್ಬಳಕೆ’ಯಿಂದ ಆದ ಹಾನಿಗೆ ರಕ್ಷಣೆಯಿಲ್ಲ ಎಂಬ ಷರತ್ತು ಇರುತ್ತದೆ, ಅದಕ್ಕೆ ಉದಾಹರಣೆಯಾಗಿ ರೇಸಿಂಗ್ ಎಂಬ ಪದವೂ ಇರುತ್ತದೆ. ಕುಟುಂಬದ ಕಾರಿಗೆ ಈ ಷರತ್ತು ಅರ್ಥವಾಗುವಂಥದ್ದು. ಸ್ಪೋರ್ಟ್ಸ್ ಕಾರನ್ನು ಮಾರುವ ಬಗೆಯೇ ಬೇರೆ. ಜಾಹೀರಾತಿನಲ್ಲಿ ಅದು ಓಡುವುದು ರೇಸ್ ಟ್ರ್ಯಾಕಿನಲ್ಲಿ, ಡ್ರಿಫ್ಟಿಂಗ್ ಮಾಡುತ್ತ. ಅಮೆರಿಕದಲ್ಲಿ ಜಿಆರ್86 ಕೊಂಡವರಿಗೆ ಟೊಯೊಟಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನ್ಯಾಷನಲ್ ಆಟೊ ಸ್ಪೋರ್ಟ್ ಅಸೋಸಿಯೇಷನ್ನಿನ ಒಂದು ವರ್ಷದ ಸದಸ್ಯತ್ವವನ್ನೂ ಟ್ರ್ಯಾಕಿನಲ್ಲಿ ವೇಗದ ಚಾಲನೆ ಕಲಿಯುವ ಒಂದು ಶಿಬಿರವನ್ನೂ ಪುಕ್ಕಟೆಯಾಗಿ ಕೊಟ್ಟಿತು. ಟ್ರ್ಯಾಕಿಗೆ ಹೋಗು ಎಂದು ಟಿಕೆಟ್ ಕೊಟ್ಟು ಕಳಿಸಿದವರೇ ಎಂಜಿನ್ ಕೆಟ್ಟ ದಿನ ‘ಹೀಗೆಲ್ಲ ಓಡಿಸಬಹುದೇ’ ಎಂದು ಕೇಳಿದರೆ ಅದನ್ನು ಒಪ್ಪಲಾಗದು. ಕೊಳ್ಳುವವನು ಹಣ ಕೊಟ್ಟದ್ದೇ ಆ ಸಾಮರ್ಥ್ಯಕ್ಕೆ. ಸಾಮರ್ಥ್ಯವನ್ನು ಮಾರಿದ ಮೇಲೆ ಅದನ್ನು ಬಳಸಿದ್ದನ್ನೇ ಅಪರಾಧ ಮಾಡಬಾರದು.

ಕಾನೂನಿಗೆ ಇದು ಹೊಸ ವಿಚಾರವೇನೂ ಅಲ್ಲ. ಅಮೆರಿಕದ ಮ್ಯಾಗ್ನಸನ್–ಮಾಸ್ ವಾರಂಟಿ ಕಾಯ್ದೆ 1975ರದು. ವಾರಂಟಿಗಳನ್ನು ಅದು ‘ಪೂರ್ಣ’ ಮತ್ತು ‘ಸೀಮಿತ’ ಎಂದು ಎರಡಾಗಿ ವಿಂಗಡಿಸುತ್ತದೆ. ಪೂರ್ಣ ವಾರಂಟಿ ಕೊಟ್ಟವನು, ಹಾನಿಗೆ ಗ್ರಾಹಕನ ಅವಿವೇಕದ ಬಳಕೆಯೋ ನಿರ್ವಹಣೆಯ ಕೊರತೆಯೋ ಕಾರಣವಾಗಿತ್ತು ಎಂದು ತಾನೇ ತೋರಿಸಿಕೊಟ್ಟರೆ ಮಾತ್ರ ಹೊಣೆಯಿಂದ ಪಾರಾಗಬಹುದು ಎಂದು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಎಷ್ಟು ಸರಳ, ಎಷ್ಟು ನ್ಯಾಯವಾದ ನಿಯಮ! ತೊಡಕು ಏನೆಂದರೆ ಕಾರು ಕಂಪನಿಗಳು ಕೊಡುವ ವಾರಂಟಿ ‘ಸೀಮಿತ’ ವರ್ಗದ್ದು. ಹಾಗಾಗಿ ಐದು ದಶಕಗಳಿಂದ ಪುಸ್ತಕದಲ್ಲಿರುವ ಈ ನಿಯಮ ಕಾರು ಕೊಂಡವನ ನೆರವಿಗೆ ಬರುವುದಿಲ್ಲ. ಯುರೋಪು ಬೇರೆ ದಾರಿ ಹಿಡಿದಿದೆ. ಅಲ್ಲಿನ 2019ರ ನಿರ್ದೇಶನದ ಪ್ರಕಾರ, ಸರಕು ಕೈಗೆ ಬಂದ ಮೊದಲ ಒಂದು ವರ್ಷದಲ್ಲಿ ಕಾಣಿಸಿಕೊಂಡ ದೋಷ ಕೊಟ್ಟಾಗಲೇ ಇತ್ತು ಎಂದು ಭಾವಿಸಲಾಗುತ್ತದೆ. ಅಲ್ಲ ಎನ್ನುವುದಾದರೆ ಮಾರಾಟಗಾರ ಸಾಬೀತು ಮಾಡಬೇಕು. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಲ್ಲಿ ಈ ಅವಧಿ ಆರು ತಿಂಗಳು. ಇದರಿಂದ ಅಲ್ಲಿನ ಕಾರು ವ್ಯಾಪಾರವೇನೂ ನಿಂತುಹೋಗಿಲ್ಲ.

ತಯಾರಕರ ಕಡೆಯ ಮುಖ್ಯ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಎಂಜಿನ್ನನ್ನು ಹಾಳುಗೆಡವುವ ಮಾಲೀಕರೂ ಇದ್ದಾರೆ. ಐದನೇ ಗೇರಿನಿಂದ ನಾಲ್ಕಕ್ಕೆ ಇಳಿಸುವ ಬದಲು ಕೈತಪ್ಪಿ ಎರಡಕ್ಕೆ ಹಾಕಿದರೆ, ಓಡುತ್ತಿರುವ ಚಕ್ರಗಳೇ ಎಂಜಿನ್ನನ್ನು ಅದರ ಮಿತಿ ಮೀರಿ ತಿರುಗಿಸುತ್ತವೆ. ಇಂಧನ ಕಡಿದುಹಾಕುವ ವೇಗಮಿತಿ ವ್ಯವಸ್ಥೆ ಅಲ್ಲಿ ಕೆಲಸಕ್ಕೆ ಬಾರದು; ಕವಾಟ ಬಾಗಬಹುದು, ರಾಡ್ ಮುರಿಯಬಹುದು. ಕೆಲವರು ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ತಂತ್ರಾಂಶವನ್ನು ತಿದ್ದಿಸಿ ಹೆಚ್ಚು ಶಕ್ತಿ ಹೊರಡಿಸಿ, ಕೆಟ್ಟ ಮೇಲೆ ಮೊದಲಿನಂತೆ ಮಾಡಿಸಿ ಶೋರೂಮಿಗೆ ತರುತ್ತಾರೆ. ಇವರ ಖರ್ಚನ್ನು ಕಂಪನಿ, ಅಂದರೆ ಕೊನೆಗೆ ಉಳಿದ ಗ್ರಾಹಕರು, ಹೊರಬೇಕೆ ಎಂಬ ಪ್ರಶ್ನೆ ಸರಿಯಾದದ್ದೇ. ಹೊರಬೇಕಾಗಿಲ್ಲ. ಆದರೆ ಈ ಆಕ್ಷೇಪ ನನ್ನ ವಾದವನ್ನೇ ಬಲಪಡಿಸುತ್ತದೆ. ಪೋರ್ಶೆ ಕಾರುಗಳ ಎಂಜಿನ್ ಕಂಪ್ಯೂಟರ್ ಮಿತಿ ಮೀರಿದ ವೇಗವನ್ನು ಹಂತ ಹಂತವಾಗಿ ವಿಂಗಡಿಸಿ, ಯಾವ ಹಂತಕ್ಕೆ ಎಷ್ಟು ಬಾರಿ ಹೋಯಿತು, ಎಂಜಿನ್ ಎಷ್ಟನೇ ಗಂಟೆಯಲ್ಲಿದ್ದಾಗ ಹೋಯಿತು ಎಂದು ದಾಖಲಿಸಿಡುತ್ತದೆ. ಹಳೆಯ ಪೋರ್ಶೆ ಕೊಳ್ಳುವವರು ಹಣ ಕೊಡುವ ಮುನ್ನ ಈ ದಾಖಲೆ ತೆಗೆಸಿ ನೋಡುತ್ತಾರೆ. ಚಾಲಕ ಏನು ಮಾಡಿದ ಎಂಬುದನ್ನು ಯಂತ್ರವೇ ಬರೆದಿಟ್ಟಿದೆ, ಅದನ್ನು ಓದುವ ಉಪಕರಣ ಕಂಪನಿಯ ಕೈಯಲ್ಲಿದೆ, ಕೆಟ್ಟ ಭಾಗವನ್ನು ಪರೀಕ್ಷಿಸುವ ಪ್ರಯೋಗಾಲಯವೂ ಅದರದೇ. ಗ್ರಾಹಕನ ಕೈಯಲ್ಲಿರುವುದು ಒಂದು ಜಾಬ್ ಕಾರ್ಡ್. ಪುರಾವೆ ಯಾರ ಬಳಿ ಇದೆಯೋ ಸಾಬೀತು ಮಾಡುವ ಹೊಣೆಯೂ ಅವರದೇ ಎನ್ನುವುದರಲ್ಲಿ ಅನ್ಯಾಯ ಎಲ್ಲಿದೆ? ತಪ್ಪು ಮಾಡಿದ ಮಾಲೀಕ ಸಿಕ್ಕಿಬೀಳಲಿ, ಮಾಡದವನು ಅನುಮಾನದ ಮೇಲೆ ದಂಡ ತೆರದಿರಲಿ.

ಇಷ್ಟು ಹೊಣೆ ಹೊತ್ತರೆ ಕಂಪನಿಗಳು ಬದುಕುವುದು ಹೇಗೆ ಎಂಬುದು ಇನ್ನೊಂದು ವಾದ. ಹೊಣೆ ಹೊತ್ತೂ ಬದುಕಿರುವ ಕಂಪನಿಗಳಿವೆ. 2014ರ ಆರಂಭದಲ್ಲಿ ಹೊಸ ಪೋರ್ಶೆ 911 ಜಿಟಿ3 ಕಾರುಗಳಲ್ಲಿ ಎರಡಕ್ಕೆ ಬೆಂಕಿ ಹೊತ್ತಿಕೊಂಡಿತು. ಕನೆಕ್ಟಿಂಗ್ ರಾಡಿನ ಸ್ಕ್ರೂ ಸಡಿಲಗೊಂಡಿದ್ದೇ ಕಾರಣ ಎಂದು ಕಂಪನಿ ಪತ್ತೆಮಾಡಿತು, ಮಾಲೀಕರಿಗೆ ಕಾರು ಓಡಿಸಬೇಡಿ ಎಂದು ಹೇಳಿತು, ಆ ವರ್ಷದ ಮಾದರಿಯ ಎಲ್ಲ 785 ಕಾರುಗಳ ಎಂಜಿನ್ನನ್ನೂ ಬದಲಿಸುವುದಾಗಿ ಪ್ರಕಟಿಸಿತು. ನಿಮಿಷಕ್ಕೆ 9,000 ಸುತ್ತು ತಲುಪುವ, ಟ್ರ್ಯಾಕಿಗೆಂದೇ ಹೆಸರಾದ ಕಾರು ಅದು. ಮುಂದೆ ಅದೇ ಪೀಳಿಗೆಯ ಎಂಜಿನ್ನಿನಲ್ಲಿ ಕವಾಟ ಚಲಿಸುವ ಭಾಗಗಳು ಬೇಗ ಸವೆಯುವ ದೂರು ಬಂದಾಗ ಎಂಜಿನ್ ವಾರಂಟಿಯನ್ನು ಅಮೆರಿಕದಲ್ಲಿ 10 ವರ್ಷ ಅಥವಾ 1.2 ಲಕ್ಷ ಮೈಲಿಗೆ ಏರಿಸಿತು. ಇದು ಬರೀ ಔದಾರ್ಯವಲ್ಲ ಎಂಬುದು ನಿಜ. ಬೆಂಕಿಯ ಭಯವೂ ಹೆಸರು ಕೆಡುವ ಭಯವೂ ಅದರಲ್ಲಿತ್ತು. ಮಜ್ದಾದ ಉದಾಹರಣೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಆರ್‌ಎಕ್ಸ್-8 ಕಾರಿನ ರೋಟರಿ ಎಂಜಿನ್ ಬಗ್ಗೆ ದೂರುಗಳು ಹೆಚ್ಚಿದಾಗ, ಅಮೆರಿಕದಲ್ಲಿ 2004ರಿಂದ 2008ರವರೆಗಿನ ಮಾದರಿಗಳಿಗೆ ಎಂಜಿನ್ನಿನ ಮುಖ್ಯ ಭಾಗದ ವಾರಂಟಿಯನ್ನು 8 ವರ್ಷ ಅಥವಾ 1 ಲಕ್ಷ ಮೈಲಿಗೆ ವಿಸ್ತರಿಸಲಾಯಿತು. ಹ್ಯುಂಡೈ ಆಸ್ಟ್ರೇಲಿಯದಲ್ಲಿ ತನ್ನ ‘ಎನ್’ ಸರಣಿಯ ವೇಗದ ಕಾರುಗಳನ್ನು ಸ್ಪರ್ಧೆಯಲ್ಲದ ಟ್ರ್ಯಾಕ್ ಓಟಕ್ಕೂ ವಾರಂಟಿ ಅನ್ವಯಿಸುತ್ತದೆ ಎಂದು ಮೊದಲೇ ಹೇಳಿ ಮಾರಿತು. ಅವು ಕೋಟಿಗಟ್ಟಲೆ ಬೆಲೆಯ ಕಾರುಗಳಲ್ಲ. ತನ್ನ ಎಂಜಿನ್ ಮೇಲೆ ನಂಬಿಕೆಯಿದ್ದ ಕಂಪನಿ ಷರತ್ತನ್ನು ಬಿಡಿಸಿ ಬರೆಯಿತು: ಇದಕ್ಕೆ ಹೌದು, ಇದಕ್ಕೆ ಇಲ್ಲ. ಗ್ರಾಹಕನಿಗೆ ಬೇಕಾದ್ದೂ ಅಷ್ಟೇ. ಗೊಂದಲದ ಪದವನ್ನು ಪುಸ್ತಿಕೆಯಲ್ಲಿ ಇಟ್ಟುಕೊಂಡು, ಸಂದರ್ಭ ಬಂದಾಗ ಅದರ ಅರ್ಥ ಹಿಗ್ಗಿಸುವ ಅಭ್ಯಾಸ ಹೋಗಬೇಕು.

ಶ್ರೀಮಂತರ ಆಟಿಕೆಗೆ ಇಷ್ಟೊಂದು ಕಾಳಜಿ ಏಕೆ ಎಂದು ಕೇಳುವವರಿದ್ದಾರೆ. ಜಿಆರ್86 ಅಮೆರಿಕದಲ್ಲಿ ಬಿಡುಗಡೆಯಾದಾಗ ಅದರ ಆರಂಭಿಕ ಬೆಲೆ ಸುಮಾರು 28 ಸಾವಿರ ಡಾಲರ್. ಅಲ್ಲಿ ಸಂಬಳದ ಮೇಲೆ ಬದುಕುವ ಯುವಕ ಸಾಲ ಮಾಡಿ ಕೊಳ್ಳುವ ಕಾರು ಅದು. ಅದಕ್ಕಿಂತ ಮುಖ್ಯವಾಗಿ, ‘ದುರ್ಬಳಕೆ’ ಎಂಬ ಒಂದೇ ಪದ ಸ್ಪೋರ್ಟ್ಸ್ ಕಾರಿನ ವಾರಂಟಿಯಲ್ಲಿಯೂ ಇದೆ, ಸರಕು ಸಾಗಿಸುವ ಟೆಂಪೊದ ವಾರಂಟಿಯಲ್ಲಿಯೂ ಇದೆ. ಎಂಜಿನ್ ಕೆಟ್ಟ ಟೆಂಪೊ ಮಾಲೀಕನಿಗೆ ‘ಓವರ್‌ಲೋಡ್ ಹಾಕಿದ್ದೀರಿ’ ಎಂದು ಹೇಳಿ ಕಳಿಸುವುದೂ ಇದೇ ತರ್ಕದಿಂದ. ಸ್ಪೋರ್ಟ್ಸ್ ಕಾರಿನಲ್ಲಿ ಅದು ಎದ್ದು ಕಾಣುತ್ತದೆ, ಅಷ್ಟೆ.

ನಮ್ಮಲ್ಲಿ ಜಿಆರ್86 ಮಾರಾಟಕ್ಕಿಲ್ಲ. ಬೆಂಗಳೂರಿನ ರಸ್ತೆಗಳಲ್ಲಿ ಪೋರ್ಶೆ, ಬಿಎಂಡಬ್ಲ್ಯು ಎಂ ಸರಣಿಯ ಕಾರುಗಳಿವೆ. ಅವುಗಳ ಮಾಲೀಕರಿಗೂ ಟೆಂಪೊ ಮಾಲೀಕನಿಗೂ ಇರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಈ ಕಾಯ್ದೆ ಉತ್ಪನ್ನ ಹೊಣೆಗಾರಿಕೆ ಎಂಬ ಹೊಸ ಅಧ್ಯಾಯ ತಂದಾಗ ಹಲವರು ಸ್ವಾಗತಿಸಿದರು. ಆದರೆ ಅದರ ಎರಡನೇ ಸೆಕ್ಷನ್ನಿನ ವ್ಯಾಖ್ಯೆಯನ್ನು ಗಮನವಿಟ್ಟು ಓದಬೇಕು: ಉತ್ಪನ್ನಕ್ಕೇ ಆದ ಹಾನಿ, ವಾರಂಟಿ ಷರತ್ತಿನ ಉಲ್ಲಂಘನೆಯಿಂದ ಸ್ವತ್ತಿಗೆ ಆದ ಹಾನಿ, ಇವು ಆ ಅಧ್ಯಾಯದ ‘ಹಾನಿ’ಯ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ಎಂಜಿನ್ ಸಿಡಿದು ಪಕ್ಕದವರಿಗೆ ಗಾಯವಾದರೆ ಆ ಅಧ್ಯಾಯ ಅನ್ವಯಿಸುತ್ತದೆ, ಎಂಜಿನ್ ಮಾತ್ರ ಕೆಟ್ಟರೆ ಇಲ್ಲ. ಆಗ ಉಳಿಯುವುದು ಸರಕಿನ ದೋಷ ಎಂಬ ಹಳೆಯ ದಾರಿ. ದೋಷ ಪರೀಕ್ಷೆಯಿಲ್ಲದೆ ತಿಳಿಯದು ಎಂದಾದರೆ 38ನೇ ಸೆಕ್ಷನ್ ಪ್ರಕಾರ ಗ್ರಾಹಕ ಆಯೋಗ ಪ್ರಯೋಗಾಲಯಕ್ಕೆ ಕಳಿಸಬಹುದು, ಮತ್ತು ಆ ಪರೀಕ್ಷೆಯ ಶುಲ್ಕವನ್ನು ದೂರುದಾರನೇ ಮೊದಲು ಠೇವಣಿ ಇಡುವಂತೆ ಹೇಳಬಹುದು. ಪುರಾವೆ ಹುಡುಕುವ ಖರ್ಚು ನಷ್ಟ ಅನುಭವಿಸಿದವನ ತಲೆಗೇ ಬಂತು. ಸಂಸತ್ತು ಇಲ್ಲಿ ಎರಡು ತಿದ್ದುಪಡಿ ತರಬೇಕು. ಕೊಂಡ ಮೊದಲ ವರ್ಷದೊಳಗೆ ಕಾಣಿಸಿಕೊಂಡ ಯಾಂತ್ರಿಕ ವೈಫಲ್ಯವನ್ನು ದೋಷವೆಂದೇ ಭಾವಿಸಿ, ಅಲ್ಲವೆಂದು ತೋರಿಸುವ ಹೊಣೆಯನ್ನು ತಯಾರಕನಿಗೆ ವಹಿಸಬೇಕು. ವಾರಂಟಿ ನಿರಾಕರಿಸುವ ಕಂಪನಿ, ಬಿಚ್ಚಿದ ಭಾಗಗಳ ಚಿತ್ರ, ಕಂಪ್ಯೂಟರ್ ದಾಖಲೆ, ತಾಂತ್ರಿಕ ಕಾರಣ ಇವನ್ನು ಲಿಖಿತವಾಗಿ ಗ್ರಾಹಕನಿಗೆ ಕೊಡುವುದನ್ನು ಕಡ್ಡಾಯ ಮಾಡಬೇಕು. ಇಂಥ ನಿಯಮ ಬಂದರೆ ವ್ಯಾಜ್ಯ ಹೆಚ್ಚುತ್ತದೆ ಎಂಬ ಭಯ ನನಗಿಲ್ಲ. ಕಾರಣ ಕಾಗದದ ಮೇಲೆ ಬಂದಾಗ ಎಷ್ಟೋ ಜಗಳಗಳು ಅಲ್ಲೇ ಮುಗಿಯುತ್ತವೆ.

ತಿದ್ದುಪಡಿ ಬರುವವರೆಗೆ ಮಾಲೀಕರು ಕೈಕಟ್ಟಿ ಕೂರಬೇಕಾಗಿಲ್ಲ. ವಾರಂಟಿ ಅನ್ವಯಿಸದಿದ್ದರೆ ಎಂಜಿನ್ ಬಿಚ್ಚಿದ ಕೂಲಿ ನಿಮ್ಮದು ಎಂಬ ಕಾಗದವನ್ನು ಮುಂದಿಟ್ಟರೆ ಓದದೆ ಸಹಿ ಹಾಕಬೇಡಿ. ಬಿಚ್ಚುವಾಗ ನೀವೋ ನಿಮಗೆ ಗೊತ್ತಿರುವ ಮೆಕ್ಯಾನಿಕ್ಕೋ ಅಲ್ಲಿರಲಿ. ಬೇರಿಂಗ್ ಚಿಪ್ಪು, ಎಣ್ಣೆಯ ಜಾಲರಿ, ಆಯಿಲ್ ಪ್ಯಾನಿನ ತಳ ಇವುಗಳ ಚಿತ್ರ ತೆಗೆದುಕೊಳ್ಳಿ. ಇಳಿಸಿದ ಎಣ್ಣೆಯಲ್ಲಿ ಒಂದು ಬಾಟಲಿಯಷ್ಟನ್ನು ಮುಚ್ಚಿ ಜೋಪಾನ ಮಾಡಿ. ಕೆಟ್ಟ ಭಾಗ ಕಾರ್ಖಾನೆಗೆ ಹೋದ ಮೇಲೆ ನಿಮ್ಮ ಬಳಿ ಉಳಿಯುವುದು ಇಷ್ಟೇ. ನಿರಾಕರಣೆಯ ಕಾರಣವನ್ನು ಬಾಯಿಮಾತಿನಲ್ಲಿ ಕೇಳಿ ಬರಬೇಡಿ, ಇಮೇಲ್‌ನಲ್ಲಿ ಕೇಳಿ. ಕಾರು ನಿಮ್ಮ ಸ್ವಂತ ಕಂಪನಿಯ ಹೆಸರಿನಲ್ಲಿದೆ ಎಂದು ಹಿಂಜರಿಯುವುದೂ ಬೇಡ. ನಿರ್ದೇಶಕರ ಸ್ವಂತ ಬಳಕೆಗೆ ಕೊಂಡ ಕಾರಿಗೆ ಗ್ರಾಹಕ ಕಾಯ್ದೆ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿದೆ. ಕೊಟ್ಟ ಬೆಲೆ 50 ಲಕ್ಷ ರೂಪಾಯಿಯವರೆಗಿದ್ದರೆ ಜಿಲ್ಲಾ ಆಯೋಗ, 2 ಕೋಟಿಯವರೆಗೆ ರಾಜ್ಯ ಆಯೋಗ, ಅದಕ್ಕೂ ಮೇಲ್ಪಟ್ಟರೆ ದೆಹಲಿಯ ರಾಷ್ಟ್ರೀಯ ಆಯೋಗ. ದೂರು ಸಲ್ಲಿಸಲು ಕಾಯ್ದೆ ಕೊಟ್ಟಿರುವ ಅವಧಿ ಎರಡು ವರ್ಷ.