ಹೆಸರು ಹೊಂದಲಿಲ್ಲವೆಂದು ಬಾಗಿಲು ಹಾಕುವುದೇ?

ಹೋದ ವರ್ಷ ಒಂದು ಫೆಲೋಶಿಪ್ಪಿಗೆ ಅರ್ಜಿ ಹಾಕಿದ್ದೆ. ನನ್ನ ಗೈಡ್ ಕಳಿಸಿದ ಶಿಫಾರಸು ಪತ್ರ ತಲುಪಲೇ ಇಲ್ಲ. ಕೊನೆಯ ದಿನ ದಾಟಿದ ಮೇಲೆ ಕಾರಣ ತಿಳಿಯಿತು. ವಿಭಾಗ ಹೊಸ ಕಟ್ಟಡಕ್ಕೆ ಹೋದಾಗ ನಮ್ಮ ಮೇಲ್ ಸರ್ವರಿನ ಐಪಿ ವಿಳಾಸ ಬದಲಾಗಿತ್ತು, ಅದು ಹೇಳಿಕೊಳ್ಳುವ ಹೆಸರು ಮಾತ್ರ ಇನ್ನೂ ಹಳೆಯ ವಿಳಾಸವನ್ನೇ ತೋರಿಸುತ್ತಿತ್ತು. ಆ ಕಡೆಯ ಸರ್ವರ್ ಇವೆರಡನ್ನೂ ತಾಳೆ ನೋಡಿ 550 ಎಂದು ಹೇಳಿ ಪತ್ರವನ್ನು ಹಿಂದಕ್ಕಟ್ಟಿತ್ತು. ಹಾಗೆ ವಾಪಸು ಬಂದ ಇಂಗ್ಲಿಷ್ ಸೂಚನೆಯನ್ನು ಮೇಷ್ಟ್ರು ಸ್ಪ್ಯಾಮ್ ಎಂದುಕೊಂಡು ಅಳಿಸಿದ್ದರು!

ಒಂದು ಮೇಲ್ ಸರ್ವರ್ ಇನ್ನೊಂದರ ಕದ ತಟ್ಟಿದಾಗ ಮೊದಲು 'ಹೆಲೋ, ನಾನು ಇಂಥವನು' ಎನ್ನಬೇಕು. 1982ರಿಂದಲೂ ಇರುವ ಪದ್ಧತಿ ಇದು. ಅದು ಪರಿಚಯದ ಮಾತೇ ಹೊರತು ಪ್ರಮಾಣವಚನವಲ್ಲ. ಹೆಸರಿಗೂ ವಿಳಾಸಕ್ಕೂ ತಾಳೆಯಾಗುತ್ತದೆಯೇ ಎಂದು ಬೇಕಾದರೆ ನೋಡಬಹುದು, ಆದರೆ ಆಗಲಿಲ್ಲ ಎಂಬ ಒಂದೇ ಕಾರಣಕ್ಕೆ ಪತ್ರವನ್ನು ನಿರಾಕರಿಸಕೂಡದು ಎಂದು 1989ರ ಆರ್‌ಎಫ್‌ಸಿ 1123 ಸ್ಪಷ್ಟವಾಗಿ ಹೇಳಿದೆ. 2008ರ ಆರ್‌ಎಫ್‌ಸಿ 5321 ಅದನ್ನೇ ಮತ್ತೆ ಹೇಳಿತು. ನಿಯಮ ಪಾಲನೆಯ ಹೆಸರಿನಲ್ಲಿ ನಿಯಮವನ್ನೇ ಮುರಿಯುವವರಿಗೆ ಏನೆನ್ನಬೇಕು?

ಸರ್ವರ್ ನೋಡಿಕೊಳ್ಳುವವರ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ವೈರಸ್ ಹೊಕ್ಕ ಕಂಪ್ಯೂಟರುಗಳು ಬಾಯಿಗೆ ಬಂದ ಹೆಸರು ಹೇಳುತ್ತವೆ, ಅವನ್ನು ಹೊಸ್ತಿಲಲ್ಲೇ ತಡೆದರೆ ಪತ್ರದ ಒಡಲನ್ನು ಓದುವ ಶ್ರಮ ಉಳಿಯುತ್ತದೆ. ಒಪ್ಪಿದೆ. ಹೊರಗಿನವನೊಬ್ಬ ಬಂದು ನಿಮ್ಮ ಸರ್ವರಿನ ಹೆಸರನ್ನೇ ತನ್ನದೆಂದು ಹೇಳಿದರೆ ಧಾರಾಳವಾಗಿ ಅಟ್ಟಿ, ಅವನು ಸುಳ್ಳನೇ. ಆದರೆ ಹೆಸರು, ವಿಳಾಸ ಹೊಂದದವರೆಲ್ಲ ಕಳ್ಳರೇ? ಇವತ್ತಿನ ಪಳಗಿದ ಸ್ಪ್ಯಾಮರ್ ಒಂದು ಡೊಮೇನ್ ಕೊಂಡು, ಬಾಡಿಗೆಗೆ ಸರ್ವರ್ ಹಿಡಿದು, ಡಿಎನ್‌ಎಸ್ ದಾಖಲೆಗಳನ್ನೆಲ್ಲ ಅಚ್ಚುಕಟ್ಟಾಗಿ ಬರೆದಿಟ್ಟೇ ಕೆಲಸಕ್ಕೆ ಇಳಿಯುತ್ತಾನೆ. ಅವನ ಕಾಗದಪತ್ರ ಯಾವಾಗಲೂ ಸರಿಯಾಗಿರುತ್ತದೆ. (ರೇಷನ್ ಕಾರ್ಡಿನ ಕಚೇರಿಯಲ್ಲಿ ಸರದಿ ನಿಂತವರಿಗೆ ಇದನ್ನು ವಿವರಿಸಬೇಕಿಲ್ಲ.) ಸಿಕ್ಕಿಬೀಳುವುದು ಸಂಬಳದ ಸಿಸ್ಟಮ್ ಅಡ್ಮಿನ್ ಇಲ್ಲದ ಸಣ್ಣ ಕಾಲೇಜು, ಸಣ್ಣ ಪ್ರಕಾಶನ, ಸಂಘ.

ಹೆಸರು ಹೊಂದದಿದ್ದರೆ ಅನುಮಾನದ ಅಂಕ ಕೊಡಿ. ಉಳಿದ ಗುರುತುಗಳ ಜೊತೆ ಕೂಡಿಸಿ ನೋಡಿ, ಬೇಕಾದರೆ ಸ್ಪ್ಯಾಮ್ ಪೆಟ್ಟಿಗೆಗೆ ಹಾಕಿ. ಅಲ್ಲಿ ಬಿದ್ದಿದ್ದರೆ ಹುಡುಕಿಯಾದರೂ ತೆಗೆಯಬಹುದಿತ್ತು.

ನಮ್ಮ ಸರ್ವರಿನ ಹೆಸರು ಈಗ ಸರಿಯಾಗಿದೆ. ಡಿಎನ್‌ಎಸ್‌ನಲ್ಲಿ ಒಂದೇ ಒಂದು ಸಾಲು ತಿದ್ದಬೇಕಿತ್ತು. ಅದಕ್ಕೆ ನಾಲ್ಕು ಸಹಿ, ಏಳು ವಾರ ಹಿಡಿಯಿತು. ಫೆಲೋಶಿಪ್ ಬೇರೆ ಯಾರಿಗೋ ಹೋಯಿತು.