ಹೂಮಳೆಯ ಹದಿನೈದು ದಿನ ಮತ್ತು ನಮ್ಮ ವಿದ್ಯುತ್ ಲೈನುಗಳು



ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆಯಾದ ವಿದ್ಯುತ್ತು ಮೊದಲು ಹೋದದ್ದು ಹತ್ತಿರದ ಮೈಸೂರಿಗಲ್ಲ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಮಹಾರಾಜರ ಊರಿಗೆ ದೀಪ ಬಂದದ್ದು 1908ರಲ್ಲಿ. ಇದನ್ನು ಕೇಳಿ ಕೆಲವರು ನಗುವುದುಂಟು. ಆದರೆ ಗಣಿಯವರು ತಮಗೆ ವಿದ್ಯುತ್ತು ಬೇಕೆಂದು ಮೊದಲೇ ಕರಾರು ಮಾಡಿಕೊಂಡಿದ್ದರು. ಬೇಡಿಕೆ ಖಚಿತವಿದ್ದ ಕಡೆಗೆ ತಂತಿ ಹೋಯಿತು.

ಇಂದು ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ ಮತ್ತು ಕೊಡಗು ಜಿಲ್ಲೆಗಳಿಗೆ ವಿದ್ಯುತ್ ಹಂಚುವ ಚಾಮುಂಡೇಶ್ವರಿ ನಿಗಮದ ಕೇಂದ್ರ ಕಚೇರಿ ಮೈಸೂರಿನಲ್ಲೇ ಇದೆ. ನಗರದ ಹೊಸ ಬಡಾವಣೆಗಳ ಬೇಡಿಕೆ ಎಲ್ಲರ ಕಣ್ಣಿಗೂ ಕಾಣುತ್ತದೆ. ನಮ್ಮ ತೋಟಗಳ ಬೇಡಿಕೆ ಹಾಗಲ್ಲ.

ಲೈನು, ಟಿ.ಸಿ.ಗಳ ಯೋಜನೆ ಹಾಕುವವರು ಎಲ್ಲ ಗ್ರಾಹಕರೂ ಒಂದೇ ಹೊತ್ತಿಗೆ ಸ್ವಿಚ್ಚು ಹಾಕುವುದಿಲ್ಲವೆಂಬ ಲೆಕ್ಕ ಹಿಡಿಯುತ್ತಾರೆ. ಪೇಟೆಯಲ್ಲಿ ಅದು ಸರಿ. ಫೆಬ್ರವರಿ-ಮಾರ್ಚಿನಲ್ಲಿ ಹೂಮಳೆ ಕೈಕೊಟ್ಟರೆ ರೋಬಸ್ಟಾ ಬೆಳೆಗಾರರೆಲ್ಲ ಅದೇ ಹದಿನೈದು ದಿನಗಳಲ್ಲಿ ಸ್ಪ್ರಿಂಕ್ಲರ್ ಹಾಕಲೇಬೇಕು; ಮತ್ತೆ ಹದಿನೈದಿಪ್ಪತ್ತು ದಿನಕ್ಕೆ ಬ್ಯಾಕಿಂಗ್ ನೀರು. ಅಡಿಕೆಯೂ ಅದೇ ಬೇಸಿಗೆಯಲ್ಲಿ ಬಾಯಾರುತ್ತದೆ. ವರ್ಷದ ಸರಾಸರಿ ನೋಡಿದವರಿಗೆ ನಮ್ಮ ಟಿ.ಸಿ. ನಿದ್ದೆ ಮಾಡುತ್ತಿರುವಂತೆಯೇ ಕಾಣುವುದು!

ತಂತಿಯಲ್ಲಿ ಹರಿಯುವ ಕರೆಂಟು ಎರಡರಷ್ಟಾದರೆ ಸೋರಿಕೆ ನಾಲ್ಕರಷ್ಟಾಗುತ್ತದೆ. ಲೈನಿನ ಕೊನೆಯ ತೋಟದಲ್ಲಿ ವೋಲ್ಟೇಜು ಕುಸಿದು, ಮೋಟಾರು ಹೆಚ್ಚು ಕರೆಂಟು ಎಳೆದು ವೈಂಡಿಂಗ್ ಸುಡುತ್ತದೆ. ಆದುದರಿಂದ ದೊಡ್ಡ ಟಿ.ಸಿ. ಒಂದನ್ನು ಕೇಳಿದರೆ ಸಾಲದು. 11 ಕೆ.ವಿ. ಲೈನನ್ನೇ ತೋಟಗಳ ಸಮೀಪಕ್ಕೆ ತಂದು, ಅಲ್ಲಲ್ಲಿ ಚಿಕ್ಕ ಟಿ.ಸಿ.ಗಳನ್ನಿಟ್ಟು, ಎಲ್.ಟಿ. ತಂತಿಯನ್ನು ಗಿಡ್ಡ ಮಾಡಬೇಕೆಂಬುದು ನಮ್ಮ ಅಭಿಪ್ರಾಯ. ಸಿಲ್ವರ್ ಓಕ್ ಕೊಂಬೆ ಬಿದ್ದು ಲೈನು ಹರಿಯುವ ಜೂನ್ ತಿಂಗಳ ಗೋಳೂ ಇದರಿಂದ ಸ್ವಲ್ಪ ತಗ್ಗೀತು.

ಇನ್ನು ನಮ್ಮ ತಪ್ಪು. ಕಾಗದದಲ್ಲಿ 5 ಅಶ್ವಶಕ್ತಿ, ಕೆರೆಯ ದಂಡೆಯಲ್ಲಿ 10! ಹಿಂದೆ ನಾವೂ ಇದನ್ನು ಮಾಡಿದವರೇ, ಮುಚ್ಚಿಡುವುದೇಕೆ? ಹತ್ತು ಮಂದಿ ಹೀಗೆ ಮಾಡಿದರೆ ಲೆಕ್ಕದಲ್ಲಿ 50, ಲೈನಿನ ಮೇಲೆ 100. ಮೊದಲಿನದನ್ನು 63 ಕೆ.ವಿ.ಎ. ಟಿ.ಸಿ. ಹೇಗೋ ಹೊತ್ತೀತು, ಎರಡನೆಯದನ್ನು ಹೊರಲಾರದು. ಸುಟ್ಟ ಮೇಲೆ ಲೈನ್‌ಮನ್‌ನನ್ನು ಬೈದು ಫಲವಿಲ್ಲ. ನಿಜವಾದ ಭಾರ ಹೇಳಿದರೆ ಠೇವಣಿ ಕಟ್ಟಬೇಕಾಗುತ್ತದೆಂದು ಅಂಜುವವರು, ಡೀಸೆಲ್ ಪಂಪಿಗೆ ಒಂದು ಬೇಸಿಗೆಯಲ್ಲಿ ಸುರಿದದ್ದನ್ನು ಲೆಕ್ಕ ಹಾಕಿ ನೋಡಲಿ.

ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ದರ ನಿಗದಿಗೆ ಮುನ್ನ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಅಲ್ಲಿ ದರದ ಬಗ್ಗೆ ಕೂಗುವವರು ಬಹಳ, ಲೈನಿನ ಬಗ್ಗೆ ಅಂಕಿ ಹಿಡಿದು ಮಾತಾಡುವವರು ಕಡಿಮೆ. ಸದಸ್ಯರು ತಮ್ಮ ಸರ್ವೆ ನಂಬರು, ಪಂಪಿನ ನಿಜವಾದ ಅಶ್ವಶಕ್ತಿ, ನೀರು ಹಾಯಿಸುವ ವಾರಗಳು, ಟಿ.ಸಿ.ಯಿಂದ ಪಂಪಿಗಿರುವ ದೂರ, ಇವಿಷ್ಟನ್ನು ಬರೆದು ಕೊಯ್ಲು ಆರಂಭವಾಗುವ ಮೊದಲೇ ಸಂಘದ ಕಚೇರಿಗೆ ಕಳುಹಿಸಬೇಕು. ಎಲ್ಲವನ್ನೂ ನಕ್ಷೆಯಲ್ಲಿ ಗುರುತಿಸಿ ನಿಗಮಕ್ಕೂ ಆಯೋಗಕ್ಕೂ ನಾವೇ ಒಪ್ಪಿಸುತ್ತೇವೆ.